ಆಲೆಮರದ ಕಿರೀಟ, ಆಲೆಮರದ ಕುರ್ಚಿ

ಚನ್ನಪಟ್ಟಣದ ಸೀಮೆಯ ಅರಗಿನಪಾಳ್ಯದಲ್ಲಿ, ಕ್ರೈಸ್ತ ದೇವಾಲಯದ ಹಿಂಬದಿಯ ಹೆಂಚಿನ ಚಾವಡಿಯಲ್ಲಿ ಪೂಜ್ಯ ದಯಾನಾಥ ಸ್ವಾಮಿಗಳು ವಾಸವಾಗಿದ್ದರು. ಗುರುಗಳಿಗೆಂದು ಕಟ್ಟಿಸಿದ್ದ ಮನೆಯೇನೋ ಇತ್ತು. ಅದನ್ನು ಅವರು ಬಂದ ವಾರದಲ್ಲೇ ಹೊಲಿಗೆ ಕಲಿಯುವ ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಒಂದು ಚಾಪೆ, ಒಂದು ಹಿತ್ತಾಳೆ ಚೊಂಬು, ಗೋಡೆಗೊಂದು ಶಿಲುಬೆ, ಮೂಲೆಗೊಂದು ಮಣ್ಣೊಲೆ, ಇಷ್ಟೇ ಅವರ ಸಂಸಾರ. ಕಾಲರಾ ಬಂದ ವರ್ಷ ಕುಸಿಯುತ್ತಿದ್ದ ಮನೆಯೊಳಗಿಂದ ರೋಗಿಯೊಬ್ಬನನ್ನು ಹೊತ್ತು ತರುವಾಗ ಗೋಡೆ ಮೈಮೇಲೆ ಬಿದ್ದು ಅವರ ಬಲಮೊಣಕೈ ಮುರಿದಿತ್ತು. ಕೂಡಿಕೊಂಡಿತು, ಆದರೆ ಸೊಟ್ಟಗೆ. ಬಲಿಪೂಜೆಯಲ್ಲಿ ಪಾತ್ರೆಯನ್ನು ಎತ್ತುವಾಗ ಆ ಕೈ ನಡುಗುವುದನ್ನು ಊರೆಲ್ಲ ನೋಡಿತ್ತು, ಅವರ ಬಾಯಿಂದ ಮಾತ್ರ ಒಂದು ದಿನವೂ ಅದರ ಸುದ್ದಿ ಬಂದದ್ದಿಲ್ಲ.

ಅಂಥವರ ಮುಂದೆ ಒಂದು ಬೆಳಿಗ್ಗೆ ಬೊಂಬೆ ಕಡೆಯುವ ಇನ್ನಾಸಪ್ಪ ಬಂದು ನಿಂತ. ಕಂಕುಳಲ್ಲಿ ಒಂದು ಗಂಟು, ಮುಖದಲ್ಲಿ ಸಿಟ್ಟು. ಸ್ವಾಮಿಗಳು ಮೊರದಲ್ಲಿ ಹುರುಳಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು.

ಈ ಇನ್ನಾಸಪ್ಪನ ಹಟವನ್ನು ಮೊದಲು ಹೇಳಿಬಿಡಬೇಕು. ಅವನ ಹೆಂಡತಿ ಆರೋಗ್ಯಮ್ಮ ಚೊಚ್ಚಲ ಹೆರಿಗೆಯಲ್ಲಿ ಮೂರು ದಿನ ಒದ್ದಾಡಿದಾಗ ಅವನು ದೇವಾಲಯಕ್ಕೆ ಓಡಿ ರಾಯಪ್ಪ ಸ್ವಾಮಿಯ ಪ್ರತಿಮೆಯ ಕಾಲು ಹಿಡಿದಿದ್ದ. ಮೀನು ಹಿಡಿಯುತ್ತಿದ್ದು ಮುಂದೆ ರೋಮಿನ ಮೊದಲ ಪೋಪರಾದ ಸಂತ ಪೇತ್ರರನ್ನು ನಮ್ಮ ಹಳಬರು ಪ್ರೀತಿಯಿಂದ ಕರೆಯುವುದೇ ರಾಯಪ್ಪ ಎಂದು. 'ಇವಳನ್ನ ಉಳಿಸ್ಕೊಡಪ್ಪ, ನಿನಗೆ ರೋಮಾಪುರಿಯ ಕಿರೀಟಾನೇ ಮಾಡಿ ಹಾಕ್ತೀನಿ' ಎಂದು ಹರಕೆ ಹೊತ್ತ. ತಾಯಿ ಮಗು ಇಬ್ಬರೂ ಉಳಿದರು. ಇವನು ಜಗದ್ಗುರು ಪೋಪರ ಹಳೆಯ ಪಟವೊಂದನ್ನು ಮುಂದಿಟ್ಟುಕೊಂಡು, ಬೊಂಬೆಗೆ ಬಳಸುವ ಆಲೆಮರದ ತುಂಡನ್ನು ತಿರುಗಣಿಗೆ ಕೊಟ್ಟು, ಮೂರು ಸುತ್ತಿನ ಕಿರೀಟ ಕಡೆದ. ಒಂದು ಸುತ್ತಿಗೆ ಕೆಂಪು ಅರಗು, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು, ತುದಿಯಲ್ಲಿ ನೆಲ್ಲಿಕಾಯಿ ಗಾತ್ರದ ಗುಂಡು, ಅದರ ಮೇಲೆ ಶಿಲುಬೆ. ತಾಳೆಗರಿಯಲ್ಲಿ ಉಜ್ಜಿ ಉಜ್ಜಿ ಮುಖ ಕಾಣುವಂತೆ ಹೊಳಪು ತಂದ. ಅಬ್ಬಾ, ಅದರ ಚೆಂದವೇ! ಸಂತರ ಹಬ್ಬದ ದಿನ ಅದು ರಾಯಪ್ಪ ಸ್ವಾಮಿಯ ತಲೆಗೇರಿದಾಗ ಸುತ್ತಲ ಹಳ್ಳಿಗಳವರೆಲ್ಲ ಬಂದು ನೋಡಿಹೋದರು.

ಆಮೇಲೆ ಕಾಲ ಬದಲಾಯಿತು. ರೋಮಿನಲ್ಲಿ ಜಗದ್ಗುರುಗಳೇ ತಮ್ಮ ಕಿರೀಟವನ್ನು ಕೆಳಗಿಳಿಸಿ, ಬಡವರಿಗಾಗಲಿ ಎಂದು ಪೀಠದ ಮೇಲೆ ಇಟ್ಟುಬಿಟ್ಟರು. ಅವರೇ ಇಟ್ಟ ಮೇಲೆ ನಮ್ಮ ಪ್ರತಿಮೆಗೇಕೆ ಎಂದು ಆಗ ಇದ್ದ ಗುರುಗಳು ಇನ್ನಾಸಪ್ಪನ ಕಿರೀಟವನ್ನು ತೆಗೆದು, ಟವೆಲಿನಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಹರಕೆಯ ವಸ್ತು ಹಿಂದಕ್ಕೆ ಬಂದರೆ ಹೊತ್ತವನ ಕರುಳಿಗೆ ಏನಾಗುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. 'ರಾಯಪ್ಪ ಸ್ವಾಮಿ ತಲೆ ಮೇಲೆ ಇದು ಕೂರೋವರೆಗೂ ನಾನು ಈ ಹೊಸಿಲು ತುಳಿಯಾಕಿಲ್ಲ' ಎಂದು ಎಲ್ಲರೆದುರು ಹೇಳಿ ಇನ್ನಾಸಪ್ಪ ಹೊರಟುಹೋದ. ಹದಿಮೂರು ವರ್ಷ! ಪ್ರತಿ ಭಾನುವಾರ ಹೆಂಡತಿಯನ್ನು ಬಾಗಿಲವರೆಗೆ ಬಿಟ್ಟು ತಾನು ಹುಣಸೆಮರದಡಿ ನಿಲ್ಲುವನು. ಮಗಳ ಮದುವೆಯ ಮಂತ್ರವನ್ನೂ ಅಲ್ಲಿಂದಲೇ ಕೇಳಿಸಿಕೊಂಡ.

ಈ ಬೆಳಿಗ್ಗೆಗೆ ಒಂದು ವರ್ಷ ಹಿಂದೆ ಆರೋಗ್ಯಮ್ಮನಿಗೆ ಲಕ್ವ ಹೊಡೆದು ಎರಡೂ ಕಾಲು ಬಿದ್ದುಹೋದವು. ಸ್ವಾಮಿಗಳು ಪರಮಪ್ರಸಾದವನ್ನು ಮನೆಗೇ ತಂದು ಕೊಡುತ್ತಿದ್ದರು. ಇನ್ನಾಸಪ್ಪ ಮಾತ್ರ ಒಳಗೊಳಗೇ ಬೆಂದ. ಹರಕೆ ಮುರಿದದ್ದಕ್ಕೇ ಹೀಗಾಯಿತು, ಇನ್ನು ಪ್ರಾಣಕ್ಕೂ ಸಂಚಕಾರ ಎಂಬ ಭಯ ಅವನನ್ನು ಹಿಡಿದಿತ್ತು. ಅಷ್ಟರಲ್ಲಿ ಹೊಸ ಜಗದ್ಗುರುಗಳ ಆಯ್ಕೆಯ ಸುದ್ದಿ ಬಂತು. ಈ ಸಲ ಕಿರೀಟ ಮತ್ತೆ ಬರಬಹುದಂತೆ ಎಂದು ದೇವಾಲಯದ ಉಪದೇಶಿ ಚೌರಪ್ಪ ಪತ್ರಿಕೆಯಲ್ಲಿ ಓದಿ ಹೇಳಿದ್ದೇ ತಡ, ಇನ್ನಾಸಪ್ಪ ಗಂಟು ಬಿಚ್ಚಿ, ಬಣ್ಣ ಮಾಸಿದ ಕಡೆಗೆಲ್ಲ ಹೊಸ ಅರಗು ಕೂರಿಸಿದ. ಹತ್ತು ದಿನ ಬಿಟ್ಟು ಚೌರಪ್ಪನೇ ಮುಖ ಸಣ್ಣದು ಮಾಡಿಕೊಂಡು ಬಂದ. ಹೊಸಬರೂ ಕಿರೀಟ ಬೇಡವೆಂದರಂತೆ, ಹೆಗಲ ಮೇಲೆ ಕುರಿಯ ಉಣ್ಣೆಯದೊಂದು ಪಟ್ಟಿ ಹಾಕಿಕೊಂಡರಂತೆ, ಅಷ್ಟೇ.

ಅದನ್ನು ಕೇಳಿಸಿಕೊಂಡ ಆರೋಗ್ಯಮ್ಮ ಮಲಗಿದ್ದಲ್ಲಿಂದಲೇ ಕೇಳಿದಳು. "ಅಲ್ಲ ಕಣಯ್ಯಾ, ಒಂದು ಮಾತು ಹೇಳು. ನನ್ ಮಣ್ಣಿಗಾದ್ರೂ ಒಳಿಕ್ಕೆ ಬತ್ತೀಯಾ, ಇಲ್ಲ ಆಗ್ಲೂ ಆ ಹುಣ್ಸೆಮರದಡೀಲೇ ನಿಂತ್ಕತೀಯಾ?"

ಆ ರಾತ್ರಿ ಇನ್ನಾಸಪ್ಪ ಮುದ್ದೆಯ ತಟ್ಟೆಯನ್ನು ಹಾಗೇ ಬಿಟ್ಟೆದ್ದ. ಬೆಳಗಾಗುತ್ತಲೇ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಚಾವಡಿಗೆ ಬಂದ.

"ಸ್ವಾಮಿ, ರೋಮಿನೋರು ಏನಾದ್ರೂ ಮಾಡ್ಕಳ್ಳಿ" ಎಂದು ನಿಂತಲ್ಲೇ ಶುರುಮಾಡಿದ. "ಇದು ನನ್ನ ಹರಕೆ. ತಾವು ಇದನ್ನ ರಾಯಪ್ಪ ಸ್ವಾಮಿ ತಲೆ ಮೇಲೆ ಇಡಬೇಕು. ಆಗಲ್ಲ ಅನ್ನೋದಾದ್ರೆ ಅದನ್ನೂ ಈಗ್ಲೇ ಹೇಳ್ಬಿಡಿ. ಒಲೆಗೆ ಹಾಕಿ ನೆಮ್ಮದಿಯಾಗ್ತೀನಿ."

ಸ್ವಾಮಿಗಳು ಮೊರವನ್ನು ಪಕ್ಕಕ್ಕೆ ಸರಿಸಿ, ಗಂಟನ್ನು ತೊಡೆಯ ಮೇಲಿಟ್ಟು ಬಿಚ್ಚಿದರು. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖ ಅರಳಿದ್ದು ಕಂಡು ಇನ್ನಾಸಪ್ಪನಿಗೆ ಸಿಟ್ಟಿನ ನಡುವೆಯೂ ಒಂದಿಷ್ಟು ಹೆಮ್ಮೆಯಾಯಿತು.

"ಈ ಮೂರು ಸುತ್ತು ಏತಕ್ಕೆ, ಇನ್ನಾಸಪ್ಪಾ?"

"ಒಂದು ಕಲಿಸೋದಕ್ಕೆ, ಒಂದು ಕಾಯೋದಕ್ಕೆ, ಒಂದು ಜನಾನ ದೇವರ ಕಡೆ ನಡೆಸೋದಕ್ಕೆ. ಹಿಂದೆ ಇದ್ದ ಬಿಳಿ ದೊರೆಸ್ವಾಮಿಗಳು ಪಟ ಕೊಡುವಾಗ ಹೇಳಿದ್ರು."

"ಸರಿಯಾಗಿ ಹೇಳಿದರು. ಪಟದಲ್ಲಿ ಜಗದ್ಗುರುಗಳ ಎದೆಯವರೆಗೆ ಮಾತ್ರ ಇತ್ತೇನು?"

"ಹೌದು ಸ್ವಾಮಿ."

"ಅದಕ್ಕೇ ನಿನಗೆ ಕಾಣಲಿಲ್ಲ. ಆ ಕಾಲದಲ್ಲಿ ಕಿರೀಟದ ಜೊತೆಗೆ ಒಂದು ಕುರ್ಚಿಯೂ ಇತ್ತು. ಎರಡು ಗಳು ಕಟ್ಟಿ ಹೆಗಲ ಮೇಲೆ ಹೊರುವಂಥದ್ದು. ಹನ್ನೆರಡು ಜನ ಹೊರುತ್ತಿದ್ದರು. ನೀನು ಕಿರೀಟ ಮಾಡಿದೆ, ಕುರ್ಚಿ ಬಿಟ್ಟುಬಿಟ್ಟೆ."

ಇನ್ನಾಸಪ್ಪನ ಮುಖ ಸಣ್ಣದಾಯಿತು. ಹದಿಮೂರು ವರ್ಷ ಜಗಳ ಕಾದದ್ದು ಅರ್ಧ ಕೆಲಸಕ್ಕೋ? ಕೆಲಸಗಾರನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

"ಕುರ್ಚಿ ಮಾಡು" ಎಂದರು ಸ್ವಾಮಿಗಳು. "ಭಾನುವಾರಕ್ಕೆ ಸಿದ್ಧವಾಗಲಿ. ಆವತ್ತು ಕಿರೀಟವನ್ನು ನೀನು ಇಡು ಎಂದ ಕಡೆ ನನ್ನ ಕೈಯಾರೆ ಇಡುತ್ತೇನೆ. ಇದು ನನ್ನ ಮಾತು."

"ಎಷ್ಟು ದೊಡ್ಡದು ಮಾಡ್ಲಿ ಸ್ವಾಮಿ?"

"ಒಬ್ಬರು ಆರಾಮಾಗಿ ಕೂರುವಷ್ಟು. ಕೂತವರಿಗೆ ಬೆನ್ನು ನೋಯಬಾರದು, ನೋಡು."

ನಾಲ್ಕು ದಿನ ಇನ್ನಾಸಪ್ಪನ ತಿರುಗಣಿ ನಿಲ್ಲಲೇ ಇಲ್ಲ. ಆಲೆಮರದ ಕಾಲು ಕಡೆದ, ಕೈಯಾಸರೆ ಕಡೆದ, ಕೂರುವ ಜಾಗಕ್ಕೆ ನಾರಿನ ಹುರಿ ಹೆಣೆದ, ಎರಡು ಗಟ್ಟಿ ಬಿದಿರಿನ ಗಳು ಕಟ್ಟಿದ. ಅಳತೆ ನೋಡಬೇಕಲ್ಲ, ಮನೆಯಲ್ಲಿ ಕೂತೇ ಇರುವವಳು ಒಬ್ಬಳೇ. ಆರೋಗ್ಯಮ್ಮನನ್ನು ಎತ್ತಿ ತಂದು ಕೂರಿಸಿದ. "ಬೆನ್ನಿಗೆ ಒತ್ತುತ್ತಾ?" ಎಂದ. "ಇಲ್ಲಿ ಒಸಿ" ಎಂದಳು. ಕಡೆದು ತೆಗೆದ. ಮತ್ತೆ ಕೂರಿಸಿದ. "ಈಗ?" "ಈಗ ಸುಖವಾಗೈತೆ. ಪ್ರತಿಮೆಗೆ ಬೆನ್ನು ನೋಯುತ್ತೇನಯ್ಯಾ, ಇಷ್ಟೊಂದು ಮುತುವರ್ಜಿ?" ಎಂದು ನಕ್ಕಳು. ಕಾಲು ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಇನ್ನಾಸಪ್ಪನೂ ನಕ್ಕುಬಿಟ್ಟ.

ಭಾನುವಾರ ಪೂಜೆಗೆ ಇನ್ನೂ ಹೊತ್ತಿರುವಾಗಲೇ ಸ್ವಾಮಿಗಳು ನಡೆದುಕೊಂಡು ಇನ್ನಾಸಪ್ಪನ ಬಾಗಿಲಿಗೆ ಬಂದರು. ಕುರ್ಚಿಯ ಕೈಯನ್ನೊಮ್ಮೆ ಸವರಿ, "ಒಳ್ಳೆಯ ಕೆಲಸ" ಎಂದರು. ಆಮೇಲೆ ಒಳಗೆ ನೋಡಿ ಕರೆದರು. "ತಾಯಿ, ಬನ್ನಿ. ನಿಮ್ಮ ಸವಾರಿ ಸಿದ್ಧವಾಗಿದೆ."

ಇನ್ನಾಸಪ್ಪ ಕಣ್ಣು ಕಣ್ಣು ಬಿಟ್ಟ. ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ಮೂಡಿದ್ದನ್ನು ಕಂಡ ಮೇಲೆ ಬೇಡ ಎನ್ನುವ ಎದೆ ಯಾವ ಗಂಡನಿಗಿದೆ? ಮದುವೆಯ ಸೀರೆ ತಾ ಎಂದಳು, ತಂದುಕೊಟ್ಟ. ಕೂರಿಸಿದ. ಕಿರೀಟವನ್ನು ಅವಳ ಮಡಿಲಲ್ಲಿ ಇಟ್ಟ. ಹೊರಲು ನಾಲ್ಕು ಜನರನ್ನು ಕರೆಯಲು ಹೊರಟವನನ್ನು ಸ್ವಾಮಿಗಳು ತಡೆದರು.

"ಯಾರೂ ಬೇಡ. ಮುಂದೆ ನಾನು, ಹಿಂದೆ ನೀನು."

"ಸ್ವಾಮಿ, ತಮ್ಮ ಕೈ..."

"ಹಿಡಿ, ಇನ್ನಾಸಪ್ಪಾ."

ಹೀಗೆ ಹೊರಟಿತು ಆ ಮೆರವಣಿಗೆ. ವಾದ್ಯವಿಲ್ಲ, ಚಾಮರವಿಲ್ಲ. ಮುಂದೆ ಎಪ್ಪತ್ತು ದಾಟಿದ ಸಂನ್ಯಾಸಿ, ಹಿಂದೆ ಬೊಂಬೆ ಕಡೆಯುವವನು, ನಡುವೆ ಕಾಲು ಬಿದ್ದ ಮುದುಕಿ. ದಾರಿಯಲ್ಲಿ ಓಡಿಬಂದು ಕೈಕೊಡಲು ನೋಡಿದವರಿಗೆಲ್ಲ ಸ್ವಾಮಿಗಳು ತಲೆಯಾಡಿಸಿ ಬೇಡವೆಂದರು. ಅವರ ಬೆನ್ನು ಬೆವರಿನಲ್ಲಿ ತೊಯ್ದು ನಿಲುವಂಗಿ ಅಂಟಿಕೊಂಡಿತ್ತು. ಆ ಬೆನ್ನನ್ನೇ ನೋಡುತ್ತ ಇನ್ನಾಸಪ್ಪ ಹೆಜ್ಜೆ ಹಾಕಿದ.

ಹುಣಸೆಮರ ಬಂತು, ಹಿಂದಾಯಿತು. ದೇವಾಲಯದ ಮೂರು ಮೆಟ್ಟಿಲು ಹತ್ತಿ ಸ್ವಾಮಿಗಳು ಹೊಸಿಲು ದಾಟಿದರು. ಕುರ್ಚಿಯ ಮುಂಭಾಗ ಒಳಗೆ ಹೋಯಿತು, ಆರೋಗ್ಯಮ್ಮನೂ ಹೋದಳು. ಹೊಸಿಲಿನ ಮುಂದೆ ಇನ್ನಾಸಪ್ಪನ ಕಾಲು ಗಕ್ಕನೆ ನಿಂತಿತು.

ಹದಿಮೂರು ವರ್ಷದ ಮಾತು! ಕಿರೀಟ ಇನ್ನೂ ಹೆಂಡತಿಯ ಮಡಿಲಲ್ಲಿದೆ, ರಾಯಪ್ಪ ಸ್ವಾಮಿಯ ತಲೆ ಮೇಲಿಲ್ಲ. ಈಗ ತುಳಿದರೆ ತಾನು ಸೋತ ಹಾಗೆ. ಒಳಗೆ ಹಾಡುತ್ತಿದ್ದ ಚೌರಪ್ಪ ನಡುಸಾಲಿನಲ್ಲೇ ಹಾಡು ಮರೆತು ನಿಂತ. ಊರಿನ ಮುಖಗಳೆಲ್ಲ ಬಾಗಿಲ ಕಡೆ ತಿರುಗಿದವು.

ಸ್ವಾಮಿಗಳು ಹಿಂತಿರುಗಿ ನೋಡಲಿಲ್ಲ. ಬಾ ಎನ್ನಲಿಲ್ಲ, ಗಳುಗಳನ್ನು ಇಳಿಸಲೂ ಇಲ್ಲ. ಸುಮ್ಮನೆ ಹೊತ್ತುಕೊಂಡು ನಿಂತರು. ಆರೋಗ್ಯಮ್ಮನೂ ತಿರುಗಲಿಲ್ಲ. ಆಗ ಇನ್ನಾಸಪ್ಪನ ಕಣ್ಣು ಸ್ವಾಮಿಗಳ ಬಲಮೊಣಕೈಗೆ ಬಿತ್ತು. ಸೊಟ್ಟಗೆ ಕೂಡಿದ ಆ ಕೈ ಬಿದಿರನ್ನು ಹಿಡಿದು ಗಡಗಡ ನಡುಗುತ್ತಿತ್ತು. ಯಾರ ಭಾರ ಅದು? ತನ್ನ ಹೆಂಡತಿಯ ಭಾರ. ತಾನಿಲ್ಲಿ ಹಟ ಹಿಡಿದು ನಿಂತಷ್ಟು ಹೊತ್ತೂ ಆ ಮುರಿದ ಕೈ ಅದನ್ನು ಹೊರಬೇಕು.

"ಅಯ್ಯೋ ನನ್ನಪ್ಪಾ!" ಎಂದು ಇನ್ನಾಸಪ್ಪನ ಬಾಯಿಂದ ಬಂದೇಬಿಟ್ಟಿತು. ಹೊಸಿಲು ಎಲ್ಲಿತ್ತೋ, ಯಾವ ಕಾಲು ಮೊದಲು ಇಟ್ಟನೋ ಅವನಿಗೆ ಗೊತ್ತಿಲ್ಲ. ಸರಸರನೆ ಒಳಗೆ ನಡೆದು ಕುರ್ಚಿಯನ್ನು ಪೀಠದ ಹತ್ತಿರ ಇಳಿಸಿದ. ಇಳಿಸಿದವನೇ ಸ್ವಾಮಿಗಳ ಆ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಅಳತೊಡಗಿದ.

ಪೂಜೆ ಮುಗಿಯಿತು. ಗಂಡ ಹೆಂಡತಿ ಒಟ್ಟಿಗೆ ಪರಮಪ್ರಸಾದ ಸ್ವೀಕರಿಸಿದರು. ಆಮೇಲೆ ಸ್ವಾಮಿಗಳು ಹತ್ತಿ ನಿಲ್ಲಲು ಒಂದು ಮಣೆ ತರಿಸಿ ರಾಯಪ್ಪ ಸ್ವಾಮಿಯ ಪ್ರತಿಮೆಯ ಮುಂದೆ ಇಟ್ಟು, ಆರೋಗ್ಯಮ್ಮನ ಮಡಿಲಿನಿಂದ ಕಿರೀಟವನ್ನು ಎತ್ತಿಕೊಂಡರು. ಮಾತು ಕೊಟ್ಟಿದ್ದರಲ್ಲ.

"ಎಲ್ಲಿ ಇಡಲಿ, ಇನ್ನಾಸಪ್ಪಾ?"

ಇನ್ನಾಸಪ್ಪ ತಲೆಯೆತ್ತಿ ನೋಡಿದ. ಕಿರೀಟವಿಲ್ಲದ ರಾಯಪ್ಪ ಸ್ವಾಮಿಯನ್ನು ಅವನು ಸರಿಯಾಗಿ ನೋಡಿದ್ದು ಅದೇ ಮೊದಲು. ಪಕ್ಕದಲ್ಲಿ ಆರೋಗ್ಯಮ್ಮ ಮೆಲ್ಲಗೆ ಹೇಳಿದಳು. "ನೋಡಯ್ಯಾ, ಸ್ವಾಮಿಗೆ ತಲೆಯೆಲ್ಲ ನರೆತುಹೋಗೈತೆ, ನಿನ್ನ ಹಾಗೇ. ಕಿರೀಟ ಇದ್ದಾಗ ಕಾಣ್ತಾನೇ ಇರ್ಲಿಲ್ಲ."

ಹೌದು, ನರೆತಿತ್ತು. ಬಿಸಿಲಲ್ಲಿ ಬಲೆ ಎಳೆದು ದಣಿದ ಮುದುಕನ ಮುಖ. ಹೆರಿಗೆಯ ಆ ದಿನ ತಾನು ಕಾಲು ಹಿಡಿದಾಗ ಈ ತಲೆ ಹೀಗೇ ಬರಿದಾಗಿತ್ತಲ್ಲ ಎಂದು ಇನ್ನಾಸಪ್ಪನಿಗೆ ಆಗ ನೆನಪಾಯಿತು. ಕಿರೀಟ ಬರುವ ಮುಂಚೆಯೇ ರಾಯಪ್ಪ ಸ್ವಾಮಿ ತನ್ನ ಆರೋಗ್ಯಮ್ಮನನ್ನು ಉಳಿಸಿಕೊಟ್ಟಿದ್ದ. ವರ್ಷದಿಂದ ಎದೆಯಲ್ಲಿ ಕೂತಿದ್ದ ಭಯ ಅಷ್ಟರಲ್ಲೇ ಇಳಿಯಿತು.

"ಪಾದದ ಹತ್ರ ಇಡಿ ಸ್ವಾಮಿ" ಎಂದ. "ಬೇಕು ಅನ್ನಿಸಿದ ದಿನ ಅವರೇ ಎತ್ಕಳ್ಳಲಿ."

ಸ್ವಾಮಿಗಳು ಮೊಣಕಾಲೂರಿ ಕಿರೀಟವನ್ನು ಪಾದದ ಬಳಿ ಇಟ್ಟರು. ಅಂದು ಮಧ್ಯಾಹ್ನ ಇನ್ನಾಸಪ್ಪ ಚಾವಡಿಗೆ ಹೋಗಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ, ಊದಿಕೊಂಡಿದ್ದ ಆ ಮೊಣಕೈಗೆ ಶಾಖ ಕೊಟ್ಟ. ಉಳಿದಿದ್ದ ಹುರುಳಿಯ ಕಲ್ಲನ್ನೂ ಅವನೇ ಆರಿಸಿ ಮುಗಿಸಿದ.

ಆರೋಗ್ಯಮ್ಮ ಇನ್ನೆರಡು ವರ್ಷ ಬದುಕಿದಳು, ಒಂದು ಭಾನುವಾರವೂ ಅವಳ ಸವಾರಿ ತಪ್ಪಲಿಲ್ಲ. ಅವಳ ಮಣ್ಣಿನ ದಿನ ಇನ್ನಾಸಪ್ಪ ಹುಣಸೆಮರದಡಿ ನಿಲ್ಲಲಿಲ್ಲ. ಮೊದಲ ಸಾಲಿನಲ್ಲಿ, ಅವಳ ತಲೆಯ ಪಕ್ಕದಲ್ಲಿ ನಿಂತಿದ್ದ. ಮರುವಾರ ಆ ಕುರ್ಚಿಯನ್ನು ತಂದು ದೇವಾಲಯಕ್ಕೆ ಒಪ್ಪಿಸಿದ. ನಡೆಯಲಾರದವರು ಊರಲ್ಲಿ ಯಾರಿದ್ದರೂ ಭಾನುವಾರ ಅವರ ಬಾಗಿಲಿಗೆ ಕುರ್ಚಿ ಹೋಗುತ್ತಿತ್ತು, ಮುಂದಿನ ಹೆಗಲು ಇನ್ನಾಸಪ್ಪನದೇ. ದಯಾನಾಥ ಸ್ವಾಮಿಗಳ ಕಾಲು ಸೋತ ಕೊನೆಯ ದಿನಗಳಲ್ಲಿ ಅವರನ್ನು ಬಲಿಪೂಜೆಗೆ ಹೊತ್ತು ತಂದದ್ದೂ ಅದೇ ಕುರ್ಚಿ, ಅದೇ ಹೆಗಲು.

ಪರ ಊರಿನವರು ಬಂದು, ರಾಯಪ್ಪ ಸ್ವಾಮಿಯ ಪಾದದಲ್ಲಿ ಹೊಳೆಯುವ ಮೂರು ಸುತ್ತಿನ ಕಿರೀಟ ನೋಡಿ, "ಇದನ್ನ ಮಾಡಿದ ಇನ್ನಾಸಪ್ಪ ನೀವೇನಾ?" ಎಂದು ಕೇಳಿದರೆ ಅವನಿಗೆ ಸಂಕೋಚವಾಗುತ್ತಿತ್ತು.

"ಕುರ್ಚಿ ಮಾಡಿದ ಇನ್ನಾಸಪ್ಪ ಅನ್ರಪ್ಪಾ" ಎನ್ನುತ್ತಿದ್ದ.