ಅಲುಗಾಡಿದರೆ ಮಾತ್ರ ಗಾಳಿ

ಗಾರ್ಮೆಂಟ್ಸ್ ಮಾಲೀಕರಿಗೆ ಪರಿಸರದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಕರೆಂಟು ಉಳಿಸಲು ಹೆಣ್ಣಾಳುಗಳ ಊಟದ ಕೋಣೆಗೆ ಸೆನ್ಸರ್ ಹಾಕಿಸಿದರು. ಅಲುಗಾಡಿದರೆ ಮಾತ್ರ ಫ್ಯಾನು! ಬೆಳಗಿನಿಂದ ಹೊಲಿದು ಸುಸ್ತಾದವರು ಒಂದು ಕೈಲಿ ಮುದ್ದೆ ಮುರಿಯುತ್ತಾ, ಇನ್ನೊಂದು ಕೈ ಬೀಸುತ್ತಾ ಉಣ್ಣಬೇಕಾಯಿತು. ಎಲೆಕ್ಟ್ರಿಷಿಯನ್ ಚೌಡಪ್ಪನಿಗೆ ಮೈಯೆಲ್ಲ ಉರಿಯಿತು. ಸೆನ್ಸರ್ ತೆಗೆಸಿ ಎಂದು ಮಾಲೀಕರಿಗೆ ಹೋಗಿ ಹೇಳಿದ.

"ಪರಿಸರಕ್ಕಾಗಿ ಅಷ್ಟೂ ಮಾಡಬಾರದೇನೋ?" ಎಂದು ಮಾಲೀಕರು ಗದರಿದರು.

"ಮಾಡೋಣ ಸಾರ್" ಎಂದವನು, ಅವರ ಕುರ್ಚಿಗೇ ಗುರಿಯಿಟ್ಟು ಇನ್ನೊಂದು ಸೆನ್ಸರನ್ನು ಅವರ ಕೋಣೆಯ ಎ.ಸಿ.ಗೆ ಜೋಡಿಸಿದ.

ಮರುದಿನ ಊಟದ ಹೊತ್ತಿಗೆ ಪರಿಸರ ಪ್ರಶಸ್ತಿ ಕೊಡುವವರು ಬಂದರು. ಮಾಲೀಕರು ಗಂಭೀರವಾಗಿ ಕೂತರು. ಎ.ಸಿ. ನಿಂತಿತು. ಬೆವರು ಇಳಿಯಿತು.

"ಏನೋ ಇದು?" ಎಂದು ಚೌಡಪ್ಪನನ್ನು ಕರೆಸಿ ಕೂತಲ್ಲಿಂದಲೇ ಕೂಗಿದರು.

"ಕೈ ಬೀಸಿ ಸಾರ್, ಬರುತ್ತೆ. ಕೆಳಗೆ ಇನ್ನೂರು ಹೆಂಗಸರು ಹಾಗೇ ಉಣ್ತಿದಾರೆ. ಇವರಿಗೂ ತೋರಿಸಲಾ?"

ಬಂದವರು ನೋಡಲು ಎದ್ದೇಬಿಟ್ಟರು. ಮಾಲೀಕರು ಬೇಡ ಬೇಡವೆಂದು ಎರಡೂ ಕೈ ಬೀಸಿದರು.

ಎ.ಸಿ. ಬಂತು.