ಏರುಶ್ರುತಿ ಮತ್ತು ಜಪಾನಿನ ಕಾರು

‘ಗುರುಗಳೇ, ಜನರಿಗೆ ತಿಳಿಯಲೆಂದು ಶ್ರುತಿಯನ್ನು ಕೆಳಗಿಳಿಸಬಹುದೇ?’

ಕೇಳಿದವನು ಆಶ್ರಮದ ಶಿಷ್ಯ ತ್ರಿವಿಕ್ರಮ. ಶ್ರುತಿ ಎಂದರೆ ಅವನ ಬಾಯಲ್ಲಿ ವೇದ. ಹಿಂದಿನ ಸಂಜೆ ಅವನ ಮೊದಲ ಉಪನ್ಯಾಸವಿತ್ತು. ಜನ ಒಬ್ಬೊಬ್ಬರಾಗಿ ಎದ್ದುಹೋದರು. ಕೊನೆಗೆ ಉಳಿದದ್ದು ಒಬ್ಬ ಅಜ್ಜಿ. ಅವರಿಗೂ ನಿದ್ದೆ ಹತ್ತಿತ್ತು. ಈ ಸಂಜೆ ಅವನು ಮತ್ತೆ ಮಾತಾಡಬೇಕು. ಸರಳವಾಗಿ ಹೇಳಿದರೆ ವೇದ ಸಣ್ಣದಾಗುತ್ತದೆಂಬ ಭಯ, ಹೇಳದಿದ್ದರೆ ಇವತ್ತು ಆ ಅಜ್ಜಿಯೂ ಬರುವುದಿಲ್ಲವೆಂಬ ಭಯ.

ಗುರುಗಳು ನಕ್ಕರು. ‘ಕೂತುಕೋ, ಒಂದು ಕಾರಿನ ಕತೆ ಹೇಳುತ್ತೇನೆ’ ಎಂದರು.

ಕಡಲಾಚೆ, ಆಫ್ರಿಕದ ಒಂದು ಬಂದರಿನಲ್ಲಿ ನಮ್ಮ ಕಡೆಯ ವ್ಯಾಪಾರಿಯೊಬ್ಬನಿದ್ದ. ಅವನ ಹೆಂಡತಿ ಚೆನ್ನಾಗಿ ಹಾಡುತ್ತಿದ್ದಳು, ಅದೂ ಏರುಶ್ರುತಿಯಲ್ಲಿ. ಅವನಿಗೋ ಅಂಗಡಿಯೇ ಕೈಲಾಸ. ಕೂತು ಒಂದು ಹಾಡು ಕೇಳಿದವನಲ್ಲ. ಒಮ್ಮೆ ದೀಪಾವಳಿಯ ಬೆಳಗ್ಗೆ ಆ ಊರಿನ ರೇಡಿಯೊದಲ್ಲಿ ಹಾಡಲು ಅವಳಿಗೆ ಕರೆ ಬಂತು. ಅದೇ ಬೆಳಗ್ಗೆ ಅವನು ಸರಕಿನ ಕೆಲಸಕ್ಕೆಂದು ದೂರದ ಪೇಟೆಗೆ ಹೋಗಲೇಬೇಕಾಗಿತ್ತು. ಹೆಂಡತಿ ಜಗಳಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಕಣ್ಣು ತುಂಬಿಕೊಂಡಳು. ‘ಕಾರಿನಲ್ಲೇ ಕೇಳ್ತೀನಿ ಕಣೇ, ಒಂದು ಸಾಲೂ ಬಿಡಲ್ಲ’ ಎಂದು ಮಾತು ಕೊಟ್ಟ.

ಮಾತು ಕೊಟ್ಟ ಮೇಲೆ ನೋಡಿದರೆ, ಕಾರು ಜಪಾನಿನದು. ಹಡಗಿನಲ್ಲಿ ಬಂದ ಹಳೆಯ ಕಾರು. ಅದರ ಎಫ್ಎಂ ರೇಡಿಯೊದ ಮುಳ್ಳು ಆ ದೇಶದ ಲೆಕ್ಕದಂತೆ ತೊಂಬತ್ತಕ್ಕೇ ನಿಲ್ಲುತ್ತಿತ್ತು. ಈ ಊರಿನ ಸ್ಟೇಷನ್ನು ತೊಂಬತ್ತೆಂಟರಲ್ಲಿತ್ತು. ವ್ಯಾಪಾರಿ ಕಾರು ರಿಪೇರಿಯವನ ಬಳಿಗೆ ಓಡಿದ. ಅವನೂ ಕನ್ನಡದವನೇ, ಕರಾವಳಿ ಕಡೆಯವನು. ಬೆಂಕಿಪೊಟ್ಟಣದಷ್ಟು ಸಣ್ಣದೊಂದು ಡಬ್ಬಿ ತೋರಿಸಿದ.

‘ಇದು ಬ್ಯಾಂಡ್ ಎಕ್ಸ್‌ಪ್ಯಾಂಡರ್. ಆಂಟೆನಾಕ್ಕೂ ರೇಡಿಯೊಕ್ಕೂ ನಡುವೆ ಕೂರಿಸಿದ್ರೆ ಆಯ್ತು. ಮೇಲಿನ ಸ್ಟೇಷನ್ನು ಹನ್ನೆರಡು ಅಂಕಿ ಕೆಳಗೆ ಇಳಿದು ಬರ್ತದೆ.’

ವ್ಯಾಪಾರಿ ಹೌಹಾರಿದ. ‘ಬೇಡಪ್ಪಾ ಬೇಡ! ನಮ್ಮನೆಯವಳದು ಏರುಶ್ರುತಿ. ನೀನು ಕೆಳಗಿಳಿಸಿ ಅದು ಗಂಡಸಿನ ದನಿ ಆಗ್ಬಿಟ್ರೆ? ನಾನು ಮತ್ತೆ ಮನೆಗೆ ಹೋಗೋದು ಬೇಡ್ವಾ?’

‘ಗಂಡಸಿನ ದನಿ ಬಂದ್ರೆ ಈ ಡಬ್ಬಿ ಕಿತ್ತು ನನ್ನ ತಲೆಗೇ ಹೊಡೀರಿ ಮಾರಾಯ್ರೇ. ನಾಳೆ ಎಂಬತ್ತಾರರಲ್ಲಿ ಹುಡುಕಿ.’ ಎಂದವನೇ ಅವನು ಡಬ್ಬಿ ಕೂರಿಸಿಬಿಟ್ಟ.

ಹಬ್ಬದ ಬೆಳಗ್ಗೆ, ಅರ್ಧ ದಾರಿಯಲ್ಲಿ, ವ್ಯಾಪಾರಿ ಮನೆದೇವರನ್ನು ನೆನೆದು ರೇಡಿಯೊವನ್ನು ಎಂಬತ್ತಾರಕ್ಕೆ ತಿರುಗಿಸಿದ. ಮೊದಲು ಗೊರಗೊರ ಸದ್ದು. ಆಮೇಲೆ ಹೆಂಡತಿಯ ಮಾತು: ‘ಈ ಹಾಡು ನಮ್ಮ ಯಜಮಾನರಿಗೆ. ಮನೆಯಲ್ಲಂತೂ ಕೇಳಲ್ಲ, ದಾರಿಯಲ್ಲಾದ್ರೂ ಕೇಳ್ಲಿ.’

ಹಾಡು ಎದ್ದಿತು. ಅದೇ ದನಿ, ಅದೇ ಏರುಶ್ರುತಿ. ಪಲ್ಲವಿಯ ತುದಿಯಲ್ಲಿ ಅವಳು ಎಳೆದುಕೊಳ್ಳುವ ಉಸಿರೂ ಅದೇ. ಎಳ್ಳಷ್ಟೂ ಇಳಿದಿರಲಿಲ್ಲ. ಅವನು ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದ. ರಸ್ತೆ ಬದಿಯಲ್ಲಿ ಎಳನೀರು ಮಾರುತ್ತಿದ್ದವಳಿಗೆ ಕನ್ನಡ ಬಾರದು. ಅವಳೂ ಬಂದು ತೊಡೆ ತಟ್ಟಿ ತಾಳ ಹಾಕಿದಳು. ಇಷ್ಟು ವರ್ಷ ಇದನ್ನು ಮನೆಯಲ್ಲೇ ಇಟ್ಟುಕೊಂಡು ಕೇಳಲಿಲ್ಲವಲ್ಲ ಎಂದು ವ್ಯಾಪಾರಿ ಅತ್ತ, ಈಗಲಾದರೂ ಕೇಳಿದೆನಲ್ಲ ಎಂದು ನಕ್ಕ. ಸಂತೋಷ ತಡೆಯಲಾರದೆ ತಾನೂ ದನಿಗೂಡಿಸಿದ. ಅವನ ಶ್ರುತಿಯ ಮಾತು ಬೇಡ.

ಕತೆ ಮುಗಿಸಿ ಗುರುಗಳು ಹೊಟ್ಟೆ ಹಿಡಿದು ನಕ್ಕರು. ತ್ರಿವಿಕ್ರಮನೂ ನಕ್ಕ. ನಗು ಇಳಿದ ಮೇಲೆ ಕೇಳಿದ: ‘ಹಾಗಾದರೆ ಸಂಜೆ ನಾನೇನು ಮಾಡಲಿ, ಗುರುಗಳೇ?’

‘ಶ್ರುತಿ ಎಲ್ಲಿಗೂ ಇಳಿಯುವುದಿಲ್ಲಪ್ಪ, ಕೇಳುವವರು ಇರುವಲ್ಲಿಗೆ ಇಳಿಯಬೇಕಾದ ಸ್ಟೇಷನ್ನು ನೀನು.’