ದಾರಿಯ ಕೊಸರು

ಸೋಮವಾರ ಬೆಳಿಗ್ಗೆ ಅಂಗಳಕ್ಕೆ ಒಬ್ಬ ಹೆಂಗಸೂ ಬರಲಿಲ್ಲ.

ಹೊಳೆದಂಡೆಯ ಆ ಆಶ್ರಮದಲ್ಲಿ ದೇವರಿರಲಿಲ್ಲ, ಗಂಟೆಯಿರಲಿಲ್ಲ. ತಗಡಿನ ಚಪ್ಪರವೊಂದು, ಹೊಂಗೆಮರವೊಂದು, ಕರಿಯಜ್ಜ ಒಬ್ಬ. ಪ್ರಾಯದಲ್ಲಿ ಊರೂರು ತಿರುಗಿ, ಕೂಲಿಯವರ ಪರವಾಗಿ ಗೋಡೆಗೋಡೆಗೆ ಪೋಸ್ಟರ್ ಅಂಟಿಸಿದವನು ಅವನು. ಈಗ ಮರದ ಕೆಳಗೆ ಕೂತು ಕೇಳಿದವರಿಗೆ ಉತ್ತರ ಹೇಳುತ್ತಿದ್ದ. ಕೆಲವೊಮ್ಮೆ ಕೇಳದವರಿಗೂ.

ಅವನ ಶಿಷ್ಯ ತಿಪ್ಪೇಶ. ಚುರುಕು ಮನುಷ್ಯ. ಹಿತ್ತಲುಗಳಲ್ಲಿ ಒಣಗಿ ನೇತಾಡುವ ಹೀರೆಕಾಯಿಯ ನಾರನ್ನು ಮೈಯುಜ್ಜಲು ಪಟ್ಟಣದವರು ದುಡ್ಡು ಕೊಟ್ಟು ಕೊಳ್ಳುತ್ತಾರೆಂದು ಪತ್ತೆ ಮಾಡಿದವನು ಅವನೇ.

"ಹಿತ್ತಲ ಕಸಕ್ಕೆ ದುಡ್ಡಾ? ಆ ಊರಾಗೆ ಯಾರಿಗೂ ಹಿತ್ತಲಿಲ್ವೇನು?" ಎಂದು ಹಾಲಮ್ಮ ಬಿದ್ದು ಬಿದ್ದು ನಕ್ಕಿದ್ದಳು.

ನಕ್ಕವಳೇ ತನ್ನ ಓಣಿಯ ಹೆಂಗಸರನ್ನೆಲ್ಲ ಕರೆತಂದಳು. ಅವರು ಸಿಪ್ಪೆ ಸುಲಿದು, ಬೀಜ ಕೊಡವಿ, ಅಂಚು ಹೊಲಿದು ಕೊಡುತ್ತಿದ್ದರು. ತಿಪ್ಪೇಶ ಫೋನಿನಲ್ಲಿ ಮಾರುತ್ತಿದ್ದ. ನಾರಿನ ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದ: ಅಂಚೆ ಉಚಿತ.

ಇವತ್ತು ಅಂಗಳ ಬಿಕೋ ಎನ್ನುತ್ತಿತ್ತು. ಹೀರೆಕಾಯಿ ರಾಶಿಯ ಮುಂದೆ ತಿಪ್ಪೇಶ ಒಬ್ಬನೇ ಕೂತಿದ್ದ.

"ಹಾಲಮ್ಮ ಎಲ್ಲಿ?" ಕರಿಯಜ್ಜ ಕೇಳಿದ.

"ಬರಲ್ಲಂತೆ ಅಜ್ಜ. ಯಾರೂ ಬರಲ್ಲಂತೆ."

"ಯಾಕಂತೆ?"

"ಶನಿವಾರ ಬಟವಾಡೆ ಮಾಡುವಾಗ ಕೂಲೀಲಿ ಒಂದಿಷ್ಟು ಹಿಡಿದೆ. ಪಾರ್ಸಲ್ ಕಳೆದುಹೋಗ್ತಾ ಅದಾವೆ. ಕೊಂಡೋರು ದುಡ್ಡು ವಾಪಸ್ ಕೇಳ್ತಾರೆ. ನಷ್ಟನ ಎಲ್ರೂ ಹಂಚಿಕೋಬೇಕಲ್ವಾ?"

"ಕಳೆದದ್ದು ಎಲ್ಲಿ?"

"ದಾರೀಲಿ."

"ದಾರೀಲಿ ಹಾಲಮ್ಮ ನಿಂತಿದ್ಲಾ?"

ತಿಪ್ಪೇಶ ಒಂದು ಹೀರೆಕಾಯಿ ಎತ್ತಿಕೊಂಡು ಸಿಪ್ಪೆ ಸುಲಿಯತೊಡಗಿದ.

"ಹೋಗ್ಲಿ, ನಿನ್ನ ಪಾಲಿನಾಗೆ ಎಷ್ಟು ಹಿಡಿದೆ?"

ಸುಲಿಯುವ ಕೈ ನಿಂತಿತು.

ಕರಿಯಜ್ಜ ಚೊಂಬಿನ ನೀರನ್ನು ಅಂಗಳಕ್ಕೆ ಸುರಿದ. ನೀರು ಕಸಕಡ್ಡಿ ಬಳಸಿಕೊಂಡು ಹರಿದು, ಹಾಲಮ್ಮ ದಿನಾ ಕೂತು ಕೂತು ಆದ ತಗ್ಗಿಗೆ ಹೋಗಿ ನಿಂತಿತು.

"ನಷ್ಟಾನೂ ಹಿಂಗೇ. ತಗ್ಗು ಎಲ್ಲೈತೆ ಅಂತ ಯಾರೂ ಅದಕ್ಕೆ ಹೇಳಿಕೊಡಬೇಕಾಗಿಲ್ಲ. ನೀನು ಕಾಲುವೆ ಬೇರೆ ತೋಡಿಕೊಟ್ಟೆ."

ಚೊಂಬನ್ನು ಬೋರಲು ಹಾಕಿ ಅವನು ಎದ್ದ.

"ಬರೋ ಸೋಮವಾರಕ್ಕೆ ಅವರು ಈ ಅಂಗಳದಾಗೆ ಇರಬೇಕು. ಇಲ್ಲಾಂದ್ರೆ ಚಪ್ಪರ ಕಿತ್ತು ಹೊಳೆಗೆ ಹಾಕು. ಆಮೇಲೆ ನೀನ್ಯಾರೋ, ನಾನ್ಯಾರೋ."

ತಿಪ್ಪೇಶನಿಗೆ ಸಿಟ್ಟು ಬಂತು. ಗುರುವಿನ ಮೇಲೆ ಸಿಟ್ಟು ಮಾಡುವಂತಿಲ್ಲ. ಹಾಲಮ್ಮನ ಮೇಲೆ ಮಾಡಲು ಮುಖವಿಲ್ಲ. ಉಳಿದವರು ಕೊಂಡವರು. ಪಾರ್ಸಲ್ ಬಂದಿಲ್ಲ ಎಂದು ದೂರು ಬರೆದಿದ್ದ ಕಾರ್ಕಳದ ನರ್ಸ್ ಐರಿನ್ ಅವರಿಗೆ ಅಲ್ಲೇ ಫೋನು ಹಚ್ಚಿದ.

"ನಿಜ ಹೇಳಿ ಮೇಡಂ. ಬಂದಿಲ್ವೋ, ಬಂದೂ ಬಂದಿಲ್ಲ ಅಂತೀರೋ?"

"ಬರ್ಲಿಲ್ಲ ಅಂದ್ರೆ ಬರ್ಲಿಲ್ಲ ಮಾರಾಯ್ರೆ! ಒಂದು ಹೀರೆ ನಾರಿಗೆ ನಾನು ಸುಳ್ಳು ಹೇಳುದಾ? ನಿಮ್ಮ ನಾರು ಇಲ್ಲದಿದ್ರೆ ನನ್ನ ಸ್ನಾನ ನಿಲ್ತದಾ?"

ಫೋನು ಪಟ್ಟನೆ ಕಟ್ಟಾಯಿತು.

"ಸುಳ್ಳಿ," ಎಂದ ತಿಪ್ಪೇಶ.

"ಕಣ್ಣಾರೆ ಕಂಡ್ಯಾ?"

"ಇನ್ಮೇಲೆ ಎಲ್ಲಾನೂ ನಂಬರ್ ಇರೋ ಟಪಾಲಿಗೇ ಹಾಕ್ತೀನಿ ಅಜ್ಜ. ಎಲ್ಲಿಗೆ ಹೋತು, ಯಾರು ಸಹಿ ಮಾಡಿದ್ರು, ಪೂರಾ ಗೊತ್ತಾಗ್ತದೆ."

"ಅದರ ಖರ್ಚು?"

"ನಾರಿನ ಬೆಲೆಗಿಂತ ಜಾಸ್ತಿ."

"ಸರಿ ಮತ್ತೆ. ಕೋಳಿ ಕಾಯೋಕೆ ಆನೆ ಕಟ್ಟು. ಆನೆ ಮೇವಿಗೆ ಹಾಲಮ್ಮನ ಕೂಲಿ ಐತಲ್ಲ."

ಕರಿಯಜ್ಜ ರವಾನೆಗೆ ಸಿದ್ಧವಿದ್ದ ರಟ್ಟಿನ ಡಬ್ಬವೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಇದರಾಗೆ ಏನೈತೆ?"

"ಒಂದು ನಾರು."

"ಉಳಿದದ್ದು?"

"ಉಳಿದದ್ದು ಏನಿಲ್ಲ. ಗಾಳಿ."

"ಗಾಳಿಗೂ ಟಿಕೀಟು ತೆಗೆಸಿ ಕಾರ್ಕಳಕ್ಕೆ ಕಳಿಸ್ತೀಯಲ್ಲೋ, ಅಲ್ಲಿ ಗಾಳಿಗೆ ಬರ ಬಂದೈತಾ?"

ತಿಪ್ಪೇಶನಿಗೆ ನಗು ಬರಲಿಲ್ಲ. "ಹಂಗಾದ್ರೆ ಕಳೆದದ್ದನ್ನ ಯಾರು ಹೊರಬೇಕು? ಅದನ್ನ ಹೇಳಿ ಮೊದ್ಲು."

ಕರಿಯಜ್ಜ ಒಂದು ಹಿತ್ತಾಳೆ ತಟ್ಟೆಯನ್ನು ಅವನ ಕೈಗಿತ್ತ. "ಪೇಟೆಗೆ ಹೋಗಿ ಒಂದು ಸೇರು ಮಂಡಕ್ಕಿ ತಗೊಂಬಾ. ಸರಿಯಾಗಿ ಒಂದು ಸೇರು. ಕೊಸರು ಹಾಕೋಕೆ ಬಂದ್ರೆ ಬೇಡ ಅನ್ನು. ಈ ತಟ್ಟೇಲೇ ತಾ."

ಮಂಡಕ್ಕಿ ಮಾರುವವಳು ಸೇರು ತುಂಬಿ ಸುರಿದು, ವಾಡಿಕೆಯಂತೆ ಕೊಸರಿಗೆಂದು ಇನ್ನೊಂದು ಮುಷ್ಟಿ ಎತ್ತಿದಳು. ತಿಪ್ಪೇಶ ಕೈ ಅಡ್ಡ ಹಿಡಿದ.

"ಕೊಸರು ಬೇಡ್ವಾ? ಮೈಗೆ ಹುಷಾರಿಲ್ವೇನಪ್ಪ?"

ಹೊಳೆದಂಡೆಯ ಗಾಳಿಗೆ ಯಾರ ಮುಲಾಜೂ ಇಲ್ಲ. ತಿಪ್ಪೇಶ ತಟ್ಟೆಯ ಮೇಲೆ ಬಗ್ಗಿದ, ಬೆನ್ನು ಕೊಟ್ಟ, ಒಂದು ಕೈ ಮುಚ್ಚಿದ. ಆದರೂ ಮಂಡಕ್ಕಿ ಬಿಳಿ ಚಿಟ್ಟೆಗಳ ಹಾಗೆ ಎದ್ದೆದ್ದು ಹೋಯಿತು.

ಆಶ್ರಮದಲ್ಲಿ ಕರಿಯಜ್ಜ ಅದನ್ನು ಮತ್ತೆ ಸೇರಿಗೆ ಸುರಿದ. ಸೇರು ತುಂಬಲಿಲ್ಲ.

"ಯಾರು ತಿಂದ್ರು?"

"ಗಾಳಿ."

"ಹಂಗಾದ್ರೆ ಗಾಳಿ ಮೇಲೆ ಕೇಸು ಹಾಕು. ಇಲ್ಲಾ, ಮಂಡಕ್ಕಿ ಹುರಿದೋಳ ಕೂಲಿ ಹಿಡಿ."

ತಿಪ್ಪೇಶ ಅರೆಕೊರೆ ತುಂಬಿದ ಸೇರನ್ನೇ ನೋಡುತ್ತ ನಿಂತ.

"ಕೊಸರು ತರಬೇಕಾಗಿತ್ತು," ಎಂದ ಕೊನೆಗೆ.

"ದಾರಿ ಉಪವಾಸ ಇರಲ್ಲಪ್ಪ. ಅದರ ತುತ್ತು ಮೊದಲೇ ಎತ್ತಿಡಬೇಕು."

ಅವತ್ತೇ ತಿಪ್ಪೇಶ ಫೋನು ತೆಗೆದು 'ಅಂಚೆ ಉಚಿತ' ಎಂಬುದನ್ನು ಅಳಿಸಿದ. ಆ ಎರಡು ಪದ ಹಸಿ ಸುಳ್ಳು. ಅಂಚೆ ಯಾರಿಗೂ ಉಚಿತವಲ್ಲ. ಕೊಂಡವನು ಕೊಡದಿದ್ದರೆ ಹೊಲಿದವಳು ಕೊಡುತ್ತಾಳೆ, ಅಷ್ಟೇ. ಅಳಿಸಿದ ಜಾಗದಲ್ಲಿ ಹೊಸದಾಗಿ ಬರೆದ: ನಾರಿಗೆ ಇಷ್ಟು. ಅಂಚೆಗೆ ಇಷ್ಟು. ದಾರಿಯ ಕೊಸರು ಒಂದು ರೂಪಾಯಿ. ತಲುಪದಿದ್ದರೆ ಮತ್ತೊಂದು ಕಳಿಸುತ್ತೇವೆ, ಪ್ರಶ್ನೆ ಕೇಳುವುದಿಲ್ಲ.

"ಮೋಸ ಮಾಡೋರೂ ಇರ್ತಾರಲ್ಲ ಅಜ್ಜ?"

"ಇರ್ತಾರೆ. ಅವರೂ ದಾರೀಲಿ ಸಿಗೋ ಗಾಳೀನೇ. ಅದೇ ಮುಷ್ಟೀಲಿ ತಿಂತಾರೆ ಬಿಡು. ಒಬ್ಬ ಕಳ್ಳ ಅಂತ ಊರೋರದೆಲ್ಲ ಜೇಬು ತಡವಬೇಡ."

ಗುರುವಾರ ಅಂಚೆಯವನು ಒಂದು ಡಬ್ಬ ವಾಪಸ್ ತಂದುಕೊಟ್ಟ.

ಡಬ್ಬ ನೆನೆದು ಒಣಗಿ, ಯಾವುದರದೋ ಭಾರಕ್ಕೆ ಸಿಕ್ಕಿ ಚಪ್ಪಟೆಯಾಗಿತ್ತು. ಹಿಂದುಗಡೆ ಆಶ್ರಮದ ರಬ್ಬರ್ ಮುದ್ರೆ ಉಳಿದಿತ್ತು. ಅದರಿಂದಲೇ ಮನೆಗೆ ಬಂದಿತ್ತು. ಮುಂದುಗಡೆ ವಿಳಾಸದ ಚೀಟಿ ಇರಬೇಕಾದ ಕಡೆ ಹಲ್ಲಿನ ಗೀರುಗಳಿದ್ದವು. ಮೂಲೆಯಲ್ಲಿ ಉಳಿದ ಚೂರಿನ ಮೇಲೆ ಒಂದೇ ಒಂದು ಪದ: ಕಾರ್ಕಳ.

ತಿಪ್ಪೇಶ ಆ ಗೀರುಗಳ ಮೇಲೆ ಬೆರಳಾಡಿಸಿದ.

"ಇಲಿ," ಎಂದ.

"ಇಲಿಗೆ ಕಾಗದ ಅಷ್ಟು ರುಚಿಯಾ?" ಕರಿಯಜ್ಜ ಚೀಟಿ ಅಂಟಿಸುವ ಬಟ್ಟಲನ್ನು ಅವನ ಮುಂದೆ ತಳ್ಳಿದ. "ನೆಕ್ಕು."

"ಅಜ್ಜ!"

"ನೆಕ್ಕೋ."

ತಿಪ್ಪೇಶ ಬೆರಳದ್ದಿ ನೆಕ್ಕಿದ.

"ಹೆಂಗೈತೆ?"

"ಮೈದಾ ಗಂಜಿ. ಪರವಾಗಿಲ್ಲ."

"ಟೇಪು ಏನಾತು?"

"ದುಬಾರಿ ಅಂತ ಬಿಟ್ಟೆ. ಅಂಚೆ ಉಚಿತ ಅಂದಿದ್ನಲ್ಲ, ಎಲ್ಲಾದರೂ ಉಳಿಸಬೇಕಲ್ಲ."

ಕರಿಯಜ್ಜ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾನು ಮೊದಲ ಸಲ ಪೋಸ್ಟರ್ ಅಂಟಿಸಿದ್ದು ಬರೀ ಮೈದಾ ಗಂಜೀಲಿ. ಬೆಳಗಾಗೋದ್ರಾಗೆ ಗೋಡೆ ಮೇಲೆ ಹೋರಾಟನೇ ಇಲ್ಲ! ಕೆಳಗೆ ದನ ನಿಂತು ಮೆಲುಕು ಹಾಕ್ತಿತ್ತು. ಗಂಜಿಗೆ ಚಿಟಿಕೆ ಮೈಲುತುತ್ತ ಹಾಕಬೇಕು ಅಂತ ಆಮೇಲೆ ಗೊತ್ತಾತು. ಅದು ಕಹಿ ವಿಷ, ಯಾವ ಬಾಯೂ ಮುಟ್ಟಲ್ಲ."

ತಿಪ್ಪೇಶ ನಗಲಿಲ್ಲ. ಐರಿನ್ ಅವರನ್ನು ಸುಳ್ಳಿ ಅಂದ ಮಾತು, ಹಾಲಮ್ಮನ ಕೂಲಿಯಿಂದ ಹಿಡಿದ ದುಡ್ಡು, ಎರಡೂ ನಾಲಿಗೆಗೆ ಅದೇ ಗಂಜಿಯ ಹಾಗೆ ಅಂಟಿಕೊಂಡವು. ಪಾರ್ಸಲ್ ಕಳೆದವನು ಅವನೇ. ಉಳಿಸಲು ಹೋಗಿ ಕಳೆದಿದ್ದ. ಕಳೆದದ್ದನ್ನು ಬೇರೆಯವರ ತಲೆಗೆ ಕಟ್ಟಿದ್ದ.

ಡಬ್ಬ ಹರಿದ. ಒಳಗಿದ್ದ ನಾರು ಹಪ್ಪಳದಷ್ಟು ತೆಳ್ಳಗಾಗಿ ಸೆಟೆದುಕೊಂಡಿತ್ತು. ಕೆಟ್ಟುಹೋಯಿತೆಂದು ಬೇಸತ್ತು ನೀರಿನ ಬಾನಿಗೆ ಎಸೆದ.

ಬಾನಿಯಲ್ಲಿ ನಾರು ಮೆಲ್ಲಗೆ ಮೈಮುರಿಯಿತು. ಉಬ್ಬಿತು. ನೋಡನೋಡುತ್ತ ದುಂಡಗೆ ತೇಲಿತು.

"ಅಜ್ಜ!" ತಿಪ್ಪೇಶ ಕೂಗಿದ. "ಒದ್ದೆ ಮಾಡಿ ಕಲ್ಲು ಹೇರಿ ಒಣಗಿಸಿದ್ರೆ ಸಾಕು! ಡಬ್ಬಾನೇ ಬೇಡ, ಲಕೋಟೇಲಿ ಹೋಗ್ತದೆ! ಅಂಚೆ ಖರ್ಚು ಅರ್ಧಕ್ಕರ್ಧ ಇಳೀತದೆ!"

"ಕೂಗಬೇಕಾದ್ದು ಇಲ್ಲಲ್ಲ."

ತಿಪ್ಪೇಶ ಒದ್ದೆ ನಾರನ್ನು ಕೈಯಲ್ಲಿ ಹಿಡಿದುಕೊಂಡೇ ಹಾಲಮ್ಮನ ಓಣಿಗೆ ನಡೆದ.

ಹಾಲಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಒಂದೊಂದೇ ತಲೆ ಕಾಣಿಸಿಕೊಂಡಿತು.

"ತಪ್ಪಾತು ಅಕ್ಕ," ಎಂದು ತಿಪ್ಪೇಶ ಎಲ್ಲರಿಗೂ ಕೇಳುವಂತೆ ಹೇಳಿದ. "ಪಾರ್ಸಲ್ ಕಳೆದದ್ದು ನನ್ನ ಜಿಪುಣತನದಿಂದ. ಹಿಡಿದ ಕೂಲಿ ಇಲ್ಲೈತೆ." ದುಡ್ಡನ್ನು ಕಟ್ಟೆಯ ಮೇಲಿಟ್ಟು ಕೈ ಮುಗಿದ.

ಹಾಲಮ್ಮ ಆ ಕೈಗಳನ್ನೇ ನೋಡಿದಳು. "ಮೊನ್ನೆ ನಮ್ಮ ಕೂಲಿ ಮುರಿದಿದ್ದೂ ಇವೇ ಕೈ ಅಲ್ವಾ?"

"ಹೂಂ."

"ನಾಳೆ ಮತ್ತೆ ಏನಾದ್ರೂ ಕಳೀತದೆ. ಅವಾಗ?"

"ಕೊಂಡೋರ ಹತ್ರ ಒಂದೊಂದು ರೂಪಾಯಿ ಕೊಸರು ತಗೊಂಡು ಡಬ್ಬಿ ಇಟ್ಟೀನಿ ಅಕ್ಕ. ಕಳೆದದ್ದೆಲ್ಲ ಅದರಾಗಿಂದ. ಕೂಲಿ ಮುಟ್ಟಲ್ಲ."

"ಡಬ್ಬಿ ಯಾರ ಹತ್ರ ಇರ್ತದೆ?"

ತಿಪ್ಪೇಶ ಇದನ್ನು ಯೋಚಿಸಿರಲಿಲ್ಲ.

"ನಿಮ್ಮ ಹತ್ರ," ಎಂದ.

ಎದುರು ಬಾಗಿಲಿನಿಂದ ಯಾರೋ ಕಿಸಕ್ಕನೆ ನಕ್ಕರು. "ಹಾಲಮ್ಮಕ್ಕ, ಹಿತ್ತಲ ಕಸ ಮಾರೋನಿಗೆ ಬುದ್ಧಿ ಬಂತು ನೋಡೇ!"

ಸೋಮವಾರ ಬೆಳಿಗ್ಗೆ ಅವರು ಬಂದರು. ಮುಂದೆ ಹಾಲಮ್ಮ, ಹಿಂದೆ ಇಡೀ ಓಣಿ. ತಲೆಯ ಮೇಲೆ ಹೀರೆಕಾಯಿ ಬುಟ್ಟಿ, ಬಾಯಲ್ಲಿ ಹಾಡು. ಹೊಳೆಯ ಆಚೆ ದಡದವರು ಮದುವೆ ದಿಬ್ಬಣವೆಂದು ಎದ್ದು ನಿಂತು ನೋಡಿದರು.

ಕಾರ್ಕಳಕ್ಕೆ ಹೊಸ ನಾರು ಹೋಯಿತು. ಜೊತೆಗೆ ತಪ್ಪಾಯಿತೆಂಬ ಚೀಟಿಯೂ ಹೋಯಿತು. ಐರಿನ್ ಫೋನು ಮಾಡಿದರು: "ಬಂತು ಮಾರಾಯ್ರೆ! ಇದೆಂಥ ಹಪ್ಪಳ ಕಳಿಸಿದ್ದು ಅಂತ ಬೈಲಿಕ್ಕೆ ಹೊರಟಿದ್ದೆ, ನೀರಿಗೆ ಹಾಕಿದ್ರೆ ಉಬ್ಬಿತು! ನಮ್ಮ ಆಸ್ಪತ್ರೆಯ ನರ್ಸುಗಳಿಗೆಲ್ಲ ಬೇಕಂತೆ."

ಹೀರೆ ಸೀಸನ್ ಮುಗಿಯುವ ಮೊದಲು ದೊಡ್ಡ ಕುಳವೊಂದರ ಕರೆ ಬಂತು. ಅಂಗಡಿಗಳ ಸಾಲನ್ನೇ ಇಟ್ಟವನು. ತಿಪ್ಪೇಶ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಸಾವಿರ ಪೀಸ್ ತಗೋತೀನಿ. ಊರೂರಿನ ನಮ್ಮ ಅಂಗಡಿಗಳಿಗೆ ನೀವೇ ಕಳಿಸಬೇಕು. ಅಂಚೆ ಮಾತ್ರ ಉಚಿತ ಮಾಡಿ. ಬೇರೆಯವರೆಲ್ಲ ಮಾಡ್ತಾರೆ."

ಅಂಗಳದಲ್ಲಿ ಸೂಜಿಗಳು ನಿಂತವು. ಸಾವಿರ ಅಂದರೆ ಆ ಓಣಿಗೆ ಮಳೆಗಾಲ ಪೂರ್ತಿ ಊಟ. ಹಾಲಮ್ಮ ಕೊಸರಿನ ಡಬ್ಬಿಯ ಮೇಲೆ ಕೈಯಿಟ್ಟು ತಿಪ್ಪೇಶನನ್ನು ನೋಡಿದಳು. ತಿಪ್ಪೇಶ ಗುರುವನ್ನು ನೋಡಿದ. ಕರಿಯಜ್ಜ ಹೊಳೆಯನ್ನು ನೋಡುತ್ತಿದ್ದ.

"ಆಗಲ್ಲ ಸರ್," ಎಂದ ತಿಪ್ಪೇಶ. "ನಿಮಗೆ ಉಚಿತ ಆದ್ರೆ ಇಲ್ಲಿ ಯಾರಿಗೋ ಖರ್ಚಾಗ್ತದೆ. ಅವರು ನನ್ನ ಮುಂದೇನೇ ಕೂತವ್ರೆ."

"ಸಾವಿರ ಪೀಸ್ ಕಣ್ರೀ!"

"ಗೊತ್ತು ಸರ್. ಹೊಲಿಯೋರು ಇವರೇ."

ಕರೆ ಕಟ್ಟಾಯಿತು.

ಹೊಂಗೆಮರದಲ್ಲಿ ಕಾಗೆ ಕೂಗಿತು. ಹಾಲಮ್ಮ ಸೂಜಿಗೆ ದಾರ ಪೋಣಿಸಿದಳು. "ಹೋದ್ರೆ ಹೋತು ಬಿಡಪ್ಪ. ನಾವೇನು ಅವನ ಮಂಡಕ್ಕಿನಾ, ಊದಿದ್ರೆ ಹಾರೋಕೆ?"

ಹೆಂಗಸರೆಲ್ಲ ನಕ್ಕರು. ಆ ನಗು ಅಡಗುವ ಮೊದಲೇ ಫೋನು ಮತ್ತೆ ಹೊಡೆದುಕೊಂಡಿತು.

"ಆಯ್ತು ಕಣ್ರೀ, ನಿಮ್ಮ ಲೆಕ್ಕದಲ್ಲೇ ಕಳಿಸಿ. ಅದೇನದು, ದಾರಿ ಕೊಸರು, ಅದನ್ನೂ ಸೇರಿಸಿ."

ಅಂಗಳ ಎದ್ದು ಕುಣಿಯಿತು. ಯಾರೋ ಬುಟ್ಟಿ ಬಡಿದರು, ಯಾರೋ ಸಿಳ್ಳೆ ಹೊಡೆದರು. ತಿಪ್ಪೇಶ ಅಂಟಿಸುತ್ತಿದ್ದ ಚೀಟಿಯನ್ನು ಅರ್ಧಕ್ಕೇ ಬಿಟ್ಟು, ಎರಡೂ ಕೈ ಮೇಲೆತ್ತಿ ಗುರುವಿನ ಕಡೆ ಓಡಿದ.

"ಅಜ್ಜ! ಗೆದ್ವಿ ಅಜ್ಜ!"

ಕರಿಯಜ್ಜ ಅವನನ್ನು ದಾಟಿ ಬಂದು ಬಗ್ಗಿ, ಜಾರುತ್ತಿದ್ದ ಆ ಚೀಟಿಯ ಮೇಲೆ ತನ್ನ ಅಂಗೈ ಒತ್ತಿ ಹಿಡಿದ.

"ಗೆದ್ವಿ. ಅಂಟು ಒಣಗೋವರೆಗೂ ಕೈ ತೆಗೀಬೇಡ."